ಫಾಲ್ಟ್ ಯಾರ ಕಡೆ?

ಹೇಳಿಬಿಡಲೇ? ಇವತ್ತು ಹೇಳದಿದ್ದರೆ ಇನ್ನು ಯಾವತ್ತು? ಆದರೆ ಇಷ್ಟು ದಿನ ಸುಮ್ಮನಿದ್ದವನು ಈಗ ಯಾವ ಬಾಯಲ್ಲಿ ಹೇಳಲಿ?

ನೋಡಿ, ಫೋನಿನ ಮುಂದೆ ಕುಳಿತು ಹೀಗೆ ಚಡಪಡಿಸುತ್ತಿದ್ದವನು ಒಂದು ದೊಡ್ಡ ವಿದ್ಯುತ್ ಸ್ಟೇಷನ್ನಿನ ಇಂಜಿನಿಯರ್, ಪ್ರಭುದೇವ. ಜಿಲ್ಲೆಗಳನ್ನು ದಾಟಿ ಬರುವ ಹೈಟೆನ್ಷನ್ ಲೈನು ಅದನ್ನು ಇನ್ನೊಂದು ಸ್ಟೇಷನ್ನಿಗೆ ಜೋಡಿಸುತ್ತದೆ. ಆ ತುದಿಯ ಇಂಜಿನಿಯರ್ ಗುರುಬಸಯ್ಯ, ವಯಸ್ಸಿನಲ್ಲಿ ಹಿರಿಯ. ಇಬ್ಬರೂ ಮುಖ ನೋಡಿದವರಲ್ಲ, ದನಿಯಲ್ಲೇ ಅಣ್ಣತಮ್ಮಂದಿರು.

"ಏನಪಾ ತಮ್ಮಾ, ಚಾ ಆತಿಲ್ಲೊ?"

"ನಿಮ್ಮ ಕರೆಂಟ್ ಬಂದ ಮ್ಯಾಲೆ ಕುದೀಬೇಕಲ್ರಿ ಅಣ್ಣಾರ!"

ಆ ಲೈನಿನ ಎರಡೂ ತುದಿಗೆ ಕರೆಂಟು ಕಡಿಯುವ ಒಂದೊಂದು ಸ್ವಿಚ್ಚು, ಅದೇ ಬ್ರೇಕರ್. ಸಿಡಿಲು ಬಡಿಯಲಿ, ಕೊಂಬೆ ತಾಗಲಿ, ಕಣ್ಣು ಮಿಟುಕಿಸುವುದರೊಳಗೆ ಎರಡೂ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಂಡು ಹಾಗೇ ಕೂರುತ್ತವೆಯೇ? ಇಲ್ಲ. ಒಂದು ಕ್ಷಣ ತಾಳಿ ತಾವಾಗಿಯೇ ಮತ್ತೆ ಕೂಡಿಕೊಳ್ಳುತ್ತವೆ. ಅಡ್ಡಿ ಇನ್ನೂ ಇದ್ದರೆ ಮಾತ್ರ ಮರಳಿ ಬಿಚ್ಚಿಕೊಂಡು ಮನುಷ್ಯನಿಗಾಗಿ ಕಾಯುತ್ತವೆ.

ಒಂದು ಮಧ್ಯಾಹ್ನ ಹಾಗೆಯೇ ಕಾದವು. ಊರೂರುಗಳ ಕರೆಂಟು ಹೋಯಿತು. ಮೇಲಿನ ಸಾಹೇಬರು ಇಬ್ಬರನ್ನೂ, ಜೊತೆಗೆ ಬೇರೆ ಸ್ಟೇಷನ್ನಿನವರನ್ನೂ ಒಂದೇ ಕರೆಯಲ್ಲಿ ಹಿಡಿದು ಕೇಳಿದರು: "ಫಾಲ್ಟ್ ಯಾರ ಕಡೆ ರೀ?"

ಫಾಲ್ಟ್, ಅಂದರೆ ಲೈನಿನ ದೋಷ, ಎಷ್ಟು ದೂರದಲ್ಲಿದೆ ಎಂದು ತೋರಿಸುವ ಪರದೆಯೊಂದು ಸ್ಟೇಷನ್ನಿನಲ್ಲಿ ಇರುತ್ತದೆ. ಪ್ರಭುದೇವ ಅದನ್ನು ನೋಡಿರಲೇ ಇಲ್ಲ. "ನಮ್ಮ ಕಡೆ ಎಲ್ಲಾ ಬರೋಬ್ಬರಿ ಐತ್ರಿ ಸರ್. ಅಣ್ಣಾರು ಉಂಡು ಕಣ್ಣು ಮುಚ್ಚಿರಬೇಕು!"

ಕೇಳುತ್ತಿದ್ದವರೆಲ್ಲ ನಕ್ಕರು. ಸಾಹೇಬರು ನಗಲಿಲ್ಲ. ಅವರು ಗುರುಬಸಯ್ಯನಿಗೆ ಎಲ್ಲರೆದುರು ಬಾಯಿಗೆ ಬಂದಂತೆ ಬೈದು, ಲೈನು ನೋಡಿ ಬಾ ಎಂದರು.

"ಆತ್ರಿ ಸರ," ಎಂದ ಆ ಮನುಷ್ಯ. ನಿವೃತ್ತಿಯ ಅಂಚಿನಲ್ಲಿದ್ದವನು ಉರಿಬಿಸಿಲಲ್ಲಿ ಟವರಿನಿಂದ ಟವರಿಗೆ ನಡೆದ.

ಆಮೇಲೆ ಪ್ರಭುದೇವ ಪರದೆ ನೋಡಿದ. ಎಲ್ಲಿತ್ತು ಫಾಲ್ಟು? ಅವನದೇ ಸ್ಟೇಷನ್ನಿನ ಪಕ್ಕ. ಕಡಿಸಲು ಮರೆತಿದ್ದ ನೀಲಗಿರಿಯ ಕೊಂಬೆ! ಸದ್ದಿಲ್ಲದೆ ಕಡಿಸಿದ. ಲೈನಿನಲ್ಲಿ ಕರೆಂಟು ಮತ್ತೆ ಹರಿಯಿತು. ಬೈಗುಳ ಗುರುಬಸಯ್ಯನ ಹೆಸರಿನಲ್ಲೇ ಉಳಿಯಿತು. ಅಂದಿನಿಂದ ಪ್ರಭುದೇವ ಆ ದನಿ ಕೇಳಿದರೆ ಕೆಲಸದ ಎರಡು ಮಾತಾಡಿ ಫೋನು ಇಡುತ್ತಿದ್ದ. ಚಹಾದ ಮಾತು ನಿಂತಿತು.

ಈಗ, ಗುರುಬಸಯ್ಯನ ನೌಕರಿಯ ಕೊನೆಯ ದಿನ, ಫೋನು ಬಡಿದುಕೊಂಡಿತು.

"ನಾಳಿಂದ ನಾ ಇರಂಗಿಲ್ಲಪಾ ತಮ್ಮಾ. ಕೊಂಬಿ ಲಗೂನ ಚಿಗಿತಾವು, ಕಡಸ್ಕೋಂತ ಇರು."

ಕೊಂಬಿ! ಪ್ರಭುದೇವ ತಲೆ ತಗ್ಗಿಸಿದ. ಆ ತುದಿಯಲ್ಲೂ ಅಂಥದೇ ಪರದೆ ಇರುತ್ತದಲ್ಲವೇ? ಫಾಲ್ಟು ತಮ್ಮನ ಸ್ಟೇಷನ್ನಿನ ಪಕ್ಕ ಎಂದು ಅದು ತೋರಿಸಿದ ಮೇಲೆ ಹಳೆಯ ಇಂಜಿನಿಯರಿಗೆ ಕೊಂಬೆಯನ್ನು ಊಹಿಸುವುದೇನು ಕಷ್ಟ? ಅಣ್ಣನಿಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ಬೈಸಿಕೊಂಡಿದ್ದ.

ನೋಡಿ, ಬಿಚ್ಚಿಕೊಳ್ಳುವುದು ನಮಗೆ ಬ್ರೇಕರಿಗಿಂತ ಬೇಗ ಬರುತ್ತದೆ. ಕೂಡಿಕೊಳ್ಳುವುದು ಬರುತ್ತದೆಯೇ? ನಿಮ್ಮ ತಪ್ಪಿಗೆ ಬೈಸಿಕೊಂಡವರು ಯಾರು? ಹೆಂಡತಿಯೇ, ಜೊತೆಯ ನೌಕರನೇ, ಓರಗಿತ್ತಿಯೇ? ಇವತ್ತು ಊಟಕ್ಕೆ ಕೂರುವ ಮೊದಲು ಅವರ ಹತ್ತಿರ ಹೋಗಿ. ಯಾರೆದುರು ಹಂಗಿಸಿದಿರೋ ಅವರೆದುರೇ ಹೇಳಿ. ಕೊಂಬೆಯನ್ನು ಗುಟ್ಟಾಗಿ ಕಡಿದರೆ ಲೈನು ಸರಿಹೋಗುತ್ತದೆ, ಮನುಷ್ಯ ಸರಿಹೋಗುವುದಿಲ್ಲ.

ಪ್ರಭುದೇವ "ಆತ್ರಿ ಅಣ್ಣಾರ" ಎಂದಷ್ಟೇ ಹೇಳಿ ಫೋನು ಇಟ್ಟ. "ಫಾಲ್ಟ್ ನನ್ನ ಕಡೆ ಇತ್ತು" ಎಂದು ಅವನು ಎಂದೂ ಹೇಳಲಿಲ್ಲ.