ರೊಟ್ಟಿ ಸಪ್ಪಳ

ಕವಿತಾಳ ಬಸ್‌ಸ್ಟ್ಯಾಂಡಿಗೆ ಮಾನ್ವಿ ಬಸ್ಸು ತಡವಾಗಿ ಬಂದದ್ದು ಒಳ್ಳೆಯದೇ ಆಯಿತು. ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದ ಅತ್ತೆ, ಸೊಸೆಯ ಮಾತು ಕಿವಿಗೆ ಬಿತ್ತು. ಸೊಸೆ ಕಣ್ಣು ಮುಚ್ಚಿದ್ದಳು.

“ನಿದ್ದಿ ಬಂತೇನು ಸುನಂದಾ?”

“ಇಲ್ರೀ ಅತ್ತಿ, ಉಸಿರು ನೋಡಾಕತ್ತೀನಿ. ತಲಿ ಶಾಂತ ಆಗ್ತದಂತ ಡಾಕ್ಟರ್ ಹೇಳ್ಯಾರಲ್ಲ.”

“ಆತೇನು?”

“ಎಲ್ಲೀದ್ರೀ! ಒಂದು ಉಸಿರು ಬಿಡೋದ್ರಾಗ, ಗ್ಯಾಸ್ ಬಂದ್ ಮಾಡೀನೋ ಇಲ್ಲೋ ಅಂತ ಮನಸು ಮನಿಗೆ ಓಡ್ತದ.”

“ಮುಂಜಾನಿ ರೊಟ್ಟಿ ಬಡಿಯೋವಾಗ ಎಲ್ಲಿಗೂ ಓಡಿರಲಿಲ್ಲಲ್ಲ?”

“ನಿಮಗ ಹೆಂಗ ಗೊತ್ತು?”

“ಕಟ್ಟಿ ಮ್ಯಾಲ ಕುಂತು ಕೇಳಾಕತ್ತಿದ್ದೆ. ಸಪ್ಪಳ ಒಂದೇ ಸಮ ಇತ್ತು.”

“ಹೌದ್ರೀ, ಇವತ್ತು ಬರೇ ಕೈ ಕಡೆ ಲಕ್ಷ್ಯ ಇಟ್ಟು ಬಡಿದೆ. ಒಂದು ರೊಟ್ಟಿನೂ ಹರೀಲಿಲ್ಲ.”

“ನಿನ್ನಿ ಧಡಧಡ ಬಡಿಯೋ ಸಪ್ಪಳ ಕೇಳಿ, ನನ್ನ ಮ್ಯಾಲ ಸಿಟ್ಟಾಗೀಯಂತ ತಿಳಕೊಂಡು, ಇನ್ನೊಂದು ಸಲ ಚಾ ಸುದ್ದಾ ಕೇಳಲಿಲ್ಲ ನಾನು.”

“ಅಯ್ಯ, ನಿಮ್ಮ ಮ್ಯಾಲ ಅಲ್ರೀ ಅತ್ತಿ. ನಿಮ್ಮ ಮಗನ ಮ್ಯಾಲ.”

ಬಸ್ಸು ಬಂತು. ಅತ್ತೆ ಸೊಸೆಯ ಭುಜ ಹಿಡಿದು ಎದ್ದರು.

“ಹಂಗಂದ್ರ ನಾಳಿ ಅವನ ಪಾಲಿನ ಚಾನೂ ನನಗ ಕೊಡು.”

ಇಬ್ಬರೂ ನಗುತ್ತಲೇ ಬಸ್ಸು ಹತ್ತಿದರು.