ಆಷಾಢದಲ್ಲಿ ನಿಂತ ಕಾರು

2025ರ ಜುಲೈ 21, ಸೋಮವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ಶಿಗ್ಗಾವಿಯ ಕಾರ್ ಶೋರೂಮಿನಲ್ಲಿ ಸರ್ವಿಸಿಗೆ ಬಿಟ್ಟ ತನ್ನ ಗಾಡಿಗಾಗಿ ಕಾಯುತ್ತಿದ್ದ ಸವಿತಾ ಪುಸ್ತಕ ಮಡಚಿದಳು. ಪಕ್ಕದ ಮೇಜಿನಲ್ಲಿ ಹತ್ತಿಮತ್ತೂರಿನ ಭರಮಪ್ಪ ಮ್ಯಾನೇಜರನೆದುರು ಕೂರುತ್ತ ಏಳುತ್ತ ಇದ್ದ. ಹೆಂಡತಿ ಯಂಕವ್ವ ಮೊಬೈಲು ತೀಡುತ್ತಿದ್ದಳು.

"ನಿಮ್ಮ ಗಾಡಿ ಎಂಜಿನ್ ಪೂರಾ ಬಿಚ್ಚಬೇಕ್ರಿ," ಎಂದ ಮ್ಯಾನೇಜರ್. " ಆದ್ರ ಮೂರು ವರ್ಷದ ವಾರಂಟಿ ಜುಲೈ ಐದಕ್ಕ ಮುಗದೈತಿ. ಖರ್ಚು ನಿಮ್ದ."

"ಹೆಂಗ ಮುಗೀತೈತ್ರಿ? ಗಾಡಿ ನನ್ನ ಕೈಗೆ ಬಂದದ್ದ ಆಗಸ್ಟ್ ಒಂದಕ್ಕ!"

"ಬಿಲ್ ಆಗಿದ್ದು ಜುಲೈ ಆರಕ್ಕ. ಆಷಾಢ ಮುಗೀಲಿ, ಶ್ರಾವಣ ಸೋಮವಾರ ಒಯ್ತೇನಿ ಅಂತ ಇಲ್ಲೇ ಬಿಟ್ಟವ್ರು ನೀವ."

"ಬಿಟ್ಟಿದ್ದು ಖರೆ. ಆ ಇಪ್ಪತ್ತಾರು ದಿನ ನಾ ಅದನ್ನ ಮುಟ್ಟಿಲ್ಲ."

"ನಾವೂ ಮುಟ್ಟಿಲ್ರಿ. ತಾಡಪತ್ರಿ ಹೊಚ್ಚಿ ಇಟ್ಟಿದ್ವಿ. ಬಿಲ್ಲಿನ್ಯಾಗ ನೋಡ್ರಿ, ಅವತ್ತಿಗೆ ಓಡಿದ್ದು ಬರೇ ಹನ್ನೆರಡು ಕಿಲೋಮೀಟರ್. ನೀವು ಒಯ್ಯೂ ಮುಂದನೂ ಅಷ್ಟ."

ಯಂಕವ್ವ ತಲೆಯೆತ್ತಿದಳು.

"ಪೂಜಿ ದಿನದ ಫೋಟೋ ಸಿಕ್ತು. ಇಲ್ಲೇ ನಿಮ್ಮ ಅಂಗಳದಾಗ ತಗದದ್ದು. ಗಾಡಿ ಇನ್ನ ಹೊಂಟಿದ್ದಿಲ್ಲ."

"ಫೋಟೋದಾಗ ಏನಿರ್ತೈತ್ರಿ ಅಕ್ಕಾರ? ಹಾರ, ಕುಂಕುಮ."

"ಸ್ಟೇರಿಂಗಿಗೆ ಹಾಕಿದ ಹಾರದ ಹಿಂದ ಮೀಟರ್ ಐತಿ. ದೊಡ್ಡದು ಮಾಡಿ ನೋಡ್ರಿ. ತಾಡಪತ್ರಿ ಹೊತ್ಕೊಂಡ ತಿರಗ್ಯಾಡೇತೇನ್ರಿ ಗಾಡಿ?"

ಮ್ಯಾನೇಜರ್ ನೋಡಿದ. ಅವನ ದನಿ ಇಳಿಯಿತು.

"ಒಳಗ ಬರ್ರಿ. ಮಾಲಕರ ಕೂಡ ಮಾತಾಡೂಣು."

ಮೂವರೂ ಎದ್ದರು. ಸವಿತಾಳ ಮುಂದೆ ಹಾಯುವಾಗ ಯಂಕವ್ವನ ಕೈಯಲ್ಲಿ ಆ ಚಿತ್ರ ದೊಡ್ಡದಾಗಿಯೇ ತೆರೆದಿತ್ತು. ಚೆಂಡುಹೂವಿನ ಹಾರದ ಸಂದಿಯಲ್ಲಿ ಅಂಕಿ ಸ್ಪಷ್ಟವಾಗಿತ್ತು: 438 ಕಿಲೋಮೀಟರ್.