ಐನೂರು ಕಿಲೋಮೀಟರ್ ಯಾಕೆ?

ಕಾರ್ತಾಗೊ ಊರಿನ ಆಸ್ಪತ್ರೆಯಲ್ಲಿ ಔಷಧಿಗೆ ಸಾಲು ನಿಂತಿದ್ದ ಒದಿಲಿಯಾಳ ಮುಂದೆಯೇ ಅಕ್ಕ, ತಮ್ಮ ಇಬ್ಬರು ಮೊಬೈಲಿನಲ್ಲಿ ಎರಡು ಎಲೆಕ್ಟ್ರಿಕ್ ಎಸ್‌ಯುವಿಗಳನ್ನು ನೋಡುತ್ತಿದ್ದರು.

“ಬಿಳೀದು ಒಂದು ಚಾರ್ಜಿಗೆ ಮುನ್ನೂರು ಕಿಲೋಮೀಟರ್ ಓಡುತ್ತೆ. ಸಾಕು ಕಣೋ ಎಲಾಡಿಯೊ.”

“ಕೆಂಪುದು ಐನೂರು ಓಡುತ್ತಕ್ಕಾ.”

“ಮನೆಯಿಂದ ಈ ಆಸ್ಪತ್ರೆ ಇರೋದು ಹನ್ನೆರಡು ಕಿಲೋಮೀಟರ್ ದೂರ. ಐನೂರು ಯಾಕೋ, ದೇಶ ಸುತ್ತೋಕಾ?”

“ಹೂಂ ಮತ್ತೆ! ಐದು ವರ್ಷ ವಾರಕ್ಕೆ ಮೂರು ಸಲ ಡಯಾಲಿಸಿಸ್ಸು. ಇದೊಂದು ದಾರಿ ಬಿಟ್ಟು ಬೇರೇದು ನೋಡಲಿಲ್ಲ. ನೀನು ಕಿಡ್ನಿ ಕೊಟ್ಟ ಮೇಲೆ ತಾನೇ ಬಿಡುಗಡೆ ಆಗಿದ್ದು?”

“ಹೊಟ್ಟೆ ಕೊಯ್ಯಿಸಿಕೊಂಡೋಳು ನಾನು, ಮಜಾ ನಿಂದು!”

“ಅದಕ್ಕೇ ಮೊದಲನೇ ಸಲ ನೀನು ಹೇಳಿದ ಕಡೆಗೇ. ಎಲ್ಲಿಗೆ?”

ಅಕ್ಕ ಕಣ್ಣೊರೆಸಿಕೊಂಡಳು. “ಗ್ವಾನಕಾಸ್ಟೆಯ ಕಡಲಿಗೆ.”

“ಅಲ್ಲಿಗೆ ಹೋಗಿ ಬರೋಕೆ ಮುನ್ನೂರು ಸಾಲಲ್ಲ. ಹಾಗಾದ್ರೆ ಕೆಂಪುದೇ.”

ಔಷಧಿ ತೆಗೆದುಕೊಂಡು ಇಬ್ಬರೂ ನಗುತ್ತಾ ಹೊರಟರು. ಅವರು ಬಾಗಿಲು ದಾಟುವವರೆಗೂ ಒದಿಲಿಯಾ ಸಾಲಿನಲ್ಲಿ ಮುಂದೆ ಸರಿಯುವುದನ್ನೇ ಮರೆತಿದ್ದಳು.